ಯಾರು, ಯಾರಿಗೆ, ಯಾವಾಗ ಹೇಳಿದರು?

ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿ ಹತ್ತನೇ ತರಗತಿ ಪಾಸಾದ ಯಾರನ್ನು ಬೇಕಾದರೂ ಕೇಳಿ ನೋಡಿ, ಒಂದು ಪ್ರಶ್ನೆ ಅವರಿಗೆ ಮರೆತಿರುವುದಿಲ್ಲ: ‘ಕೆಳಗಿನ ಹೇಳಿಕೆಗಳ ಸಂದರ್ಭ ಸೂಚಿಸಿ, ಸ್ವಾರಸ್ಯ ವಿವರಿಸಿ.’ ಮೂರು ಅಂಕದ ಪ್ರಶ್ನೆ. ಪಾಠದಿಂದ ಒಂದು ವಾಕ್ಯವನ್ನು ಎತ್ತಿ ಕೊಟ್ಟಿರುತ್ತಾರೆ. ಅದು ಯಾವ ಪಾಠದ್ದು, ಬರೆದವರು ಯಾರು, ಆ ಮಾತನ್ನು ಯಾರು ಯಾರಿಗೆ ಹೇಳಿದರು, ಯಾವಾಗ ಹೇಳಿದರು, ಅದರ ಸ್ವಾರಸ್ಯವೇನು ಎಂದು ಬರೆಯಬೇಕು. ‘ಈ ವಾಕ್ಯವನ್ನು’ ಎಂದು ಶುರುವಾಗಿ ‘ಆರಿಸಿಕೊಳ್ಳಲಾಗಿದೆ’ ಎಂದು ಮುಗಿಯುವ ಮೊದಲ ಸಾಲನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಮ್ಮ ಮಕ್ಕಳು ಹೇಳುತ್ತಾರೆ.

ಇವತ್ತು ನಮ್ಮ ಮೊಬೈಲಿಗೆ ಬಂದು ಬೀಳುವ ಪ್ರತಿಯೊಂದು ವಿಡಿಯೊ, ಪ್ರತಿಯೊಂದು ಫೋಟೊ, ಪ್ರತಿಯೊಂದು ‘ಬ್ರೇಕಿಂಗ್ ನ್ಯೂಸ್’ ಪಟ್ಟಿಯ ಮುಂದೆ ಕೇಳಬೇಕಾದ ಪ್ರಶ್ನೆಗಳೂ ಇವೇ. ಇದು ಎಲ್ಲಿಯದು, ಯಾರು ಹೇಳಿದ್ದು, ಯಾರಿಗೆ, ಯಾವಾಗ, ಈಗ ನನಗೆ ಯಾಕೆ ತೋರಿಸುತ್ತಿದ್ದಾರೆ? ಸುಳ್ಳು ಸುದ್ದಿಯನ್ನು ಎದುರಿಸಲು ನಮಗೆ ವಿದೇಶದಿಂದ ಆಮದಾದ ಹೊಸ ವಿದ್ಯೆ ಏನೂ ಬೇಕಿಲ್ಲ. ಆಯುಧ ನಮ್ಮದೇ ಪ್ರಶ್ನೆಪತ್ರಿಕೆಯಲ್ಲಿ ದಶಕಗಳಿಂದ ಬಿದ್ದಿದೆ. ನಾವು ಅದನ್ನು ಗೈಡು ನೋಡಿ ಬಾಯಿಪಾಠ ಮಾಡುವ ಮೂರು ಅಂಕವಾಗಿ ಇಳಿಸಿದ್ದೇವೆ. ಪರೀಕ್ಷಾ ಕೊಠಡಿಯಲ್ಲಿ ‘ಸಂದರ್ಭ’ ಎಂದು ಅಡಿಗೆರೆ ಎಳೆದು ಬರೆದ ಕೈ, ಹೊರಗೆ ಬಂದು ಸಂದರ್ಭವೇ ಇಲ್ಲದ ವಿಡಿಯೊವನ್ನು ಐದು ಗುಂಪುಗಳಿಗೆ ಕಳಿಸುತ್ತದೆ. ಈ ಎರಡರ ನಡುವಿನ ಸಂಬಂಧ ಅದಕ್ಕೆ ಗೊತ್ತೇ ಆಗುವುದಿಲ್ಲ.

ಸಂದರ್ಭ ಕತ್ತರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲಿ ಹೆಣಗಳೇ ಸಾಕ್ಷಿ ಹೇಳುತ್ತವೆ. 2018ರ ಬೇಸಿಗೆಯಲ್ಲಿ ದೇಶದ ತುಂಬ ಒಂದು ವಿಡಿಯೊ ಓಡಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟೇ. ಅದು ನಿಜಕ್ಕೂ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸಲು ಮಾಡಿದ್ದ ಜಾಹೀರಾತು ಚಿತ್ರ. ಅದರ ಕೊನೆಯಲ್ಲಿ ಬೈಕ್ ಸವಾರರು ವಾಪಸ್ಸು ಬಂದು ಮಗುವನ್ನು ಇಳಿಸಿ, ಮಗು ಕಳವಾಗುವುದು ಎಷ್ಟು ಸುಲಭ ನೋಡಿ ಎಂಬರ್ಥದ ಫಲಕವನ್ನು ಎತ್ತಿ ಹಿಡಿಯುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರ ಹೀಗೆ ಮಕ್ಕಳ ಕಳ್ಳರ ‘ಸಾಕ್ಷ್ಯ’ವಾಯಿತು. ಊರು ಊರಿಗೂ ಅಲ್ಲಿನ ಭಾಷೆಯಲ್ಲಿ ‘ನಮ್ಮ ಕಡೆಗೂ ಬಂದಿದ್ದಾರೆ’ ಎಂಬ ಧ್ವನಿ ಸಂದೇಶ ಸೇರಿಕೊಂಡಿತು.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಇಪ್ಪತ್ತಾರರ ಯುವಕನನ್ನು ಜನ ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಜೊತೆಗಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅದನ್ನು ನೋಡಿದ ಯಾರೋ ವಾಟ್ಸಾಪ್ ಗುಂಪಿಗೆ ಹಾಕಿದರು. ಕಾರು ಮುಂದಿನ ಊರು ತಲುಪುವ ಮೊದಲೇ ಸಂದೇಶ ತಲುಪಿತ್ತು. ಜನ ಅಲ್ಲಿ ದಾರಿ ಕಟ್ಟಿ ನಿಂತಿದ್ದರು. ಮಗುವಿಗೆ ಚಾಕೊಲೇಟ್ ಕೊಡುವುದು ನಮ್ಮ ಊರುಗಳಲ್ಲಿ ಪ್ರೀತಿಯ ಗುರುತು. ಅದನ್ನೇ ಅಪರಾಧದ ಗುರುತಾಗಿ ಓದುವಂತೆ ಜನರ ಕಣ್ಣನ್ನು ಆ ಹೊತ್ತಿಗಾಗಲೇ ತಯಾರು ಮಾಡಿಯಾಗಿತ್ತು.

ಇಂಥ ಘಟನೆ ನಡೆದಾಗಲೆಲ್ಲ ಓದಿದವರಾದ ನಾವು ಒಂದು ಮಾತು ಹೇಳಿ ಸಮಾಧಾನ ಮಾಡಿಕೊಳ್ಳುತ್ತೇವೆ: ಹಳ್ಳಿ ಜನ, ತಿಳಿವಳಿಕೆ ಇಲ್ಲ, ಮೊಬೈಲ್ ಹೊಸದು. ಈ ಸಮಾಧಾನವೇ ಒಂದು ಸುಳ್ಳು. 2025ರ ಮೇ ತಿಂಗಳ ಆ ರಾತ್ರಿಯನ್ನು ನೆನಪಿಸಿಕೊಳ್ಳಿ. ಭಾರತ, ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆಯುತ್ತಿತ್ತು. ದೇಶದ ದೊಡ್ಡ ದೊಡ್ಡ ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತು ಎಂದು ಕೂಗಿದವು. ಇಸ್ಲಾಮಾಬಾದ್ ನಮ್ಮ ಕೈಗೆ ಬಂತು ಎಂದರು. ಬೆಳಗಾಗುವ ಹೊತ್ತಿಗೆ ಇವೆಲ್ಲ ಸುಳ್ಳು ಎಂದು ಗೊತ್ತಾಯಿತು. ಆ ಸ್ಟುಡಿಯೊಗಳಲ್ಲಿ ಕೂತಿದ್ದವರು ತಿಳಿವಳಿಕೆ ಇಲ್ಲದವರಲ್ಲ, ಪದವಿ ಪಡೆದು ಪತ್ರಿಕೋದ್ಯಮ ಓದಿದವರು. ನೋಡುತ್ತ ಸೋಫಾದಲ್ಲಿ ಚಪ್ಪಾಳೆ ತಟ್ಟಿದವರೂ ನಮ್ಮ ನಿಮ್ಮಂಥ ಪದವೀಧರರೇ.

ಅದೇ ದಿನಗಳಲ್ಲಿ ಜಮ್ಮುವಿನ ಗಡಿಪಟ್ಟಣ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಮದರಸಾ ಶಿಕ್ಷಕರೊಬ್ಬರು ಬಲಿಯಾದರು. ಕೆಲವು ರಾಷ್ಟ್ರೀಯ ವಾಹಿನಿಗಳು ಅವರ ಗಡ್ಡದ ಫೋಟೊ ತೋರಿಸಿ, ನಮ್ಮ ಸೇನೆ ಹೊಡೆದುರುಳಿಸಿದ ಭಯೋತ್ಪಾದಕ ಇವನೇ ಎಂದು ಸುದ್ದಿ ಮಾಡಿದವು. ಕೊನೆಗೆ ಪೂಂಛ್ ಪೊಲೀಸರೇ ಅದು ಸುಳ್ಳು ಎಂದು ಹೇಳಿಕೆ ಕೊಡಬೇಕಾಯಿತು. ಶತ್ರು ದೇಶದ ಗುಂಡಿಗೆ ಸತ್ತ ಭಾರತೀಯ ಪ್ರಜೆಯೊಬ್ಬನನ್ನು ಭಾರತದ ವಾಹಿನಿಗಳು ಮತ್ತೊಮ್ಮೆ ಕೊಂದವು. ಆ ಮನೆಯವರು ಹೆಣ ಮಣ್ಣು ಮಾಡುವ ಹೊತ್ತಿನಲ್ಲಿ ತಮ್ಮ ಮನುಷ್ಯ ಭಯೋತ್ಪಾದಕನಲ್ಲ ಎಂದು ಸಾಬೀತು ಮಾಡಲು ಓಡಾಡಬೇಕಾಯಿತು. ಆ ಫೋಟೊ ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಒಂದು ಫೋನ್ ಮಾಡಿ ಕೇಳುವಷ್ಟು ಸಮಯವೂ ಸುದ್ದಿಮನೆಗೆ ಇರಲಿಲ್ಲವೇ? ಸಮಯ ಇತ್ತು. ಗಡ್ಡ ನೋಡಿದ ಮೇಲೆ ಕೇಳಬೇಕು ಅನ್ನಿಸಲಿಲ್ಲ, ಅಷ್ಟೇ.

ಸುಳ್ಳು ಸುದ್ದಿ ನಮ್ಮಲ್ಲಿ ದ್ವೇಷವನ್ನು ಹುಟ್ಟಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಅದು ಅರ್ಧ ಸತ್ಯ. ಎಷ್ಟೋ ಸಲ ದ್ವೇಷವೇ ಮೊದಲು ಬಂದು ಕೂತಿರುತ್ತದೆ, ಹಸಿದುಕೊಂಡು. ಸುಳ್ಳು ಅದಕ್ಕೆ ಬಡಿಸುವ ಊಟ. ಹಸಿದವನು ಅನ್ನ ಯಾರು ಮಾಡಿದ್ದು, ನೀರು ಯಾವುದು ಎಂದು ಕೇಳುವುದಿಲ್ಲ.

ಉತ್ತರ ಕನ್ನಡದ ಹೊನ್ನಾವರವನ್ನೇ ತೆಗೆದುಕೊಳ್ಳಿ. 2017ರ ಡಿಸೆಂಬರ್‌ನಲ್ಲಿ ಅಲ್ಲಿ ಕೋಮು ಗಲಭೆಯ ನಡುವೆ ಕಾಣೆಯಾಗಿದ್ದ ಯುವಕನೊಬ್ಬನ ಶವ ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಅವನಿಗೆ ಕುದಿಯುವ ಎಣ್ಣೆ ಸುರಿದರು, ಅಂಗಾಂಗ ಕತ್ತರಿಸಿದರು ಎಂಬ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ವಿಧಿವಿಜ್ಞಾನ ವೈದ್ಯರು ಆ ತಿಂಗಳೇ ಇಂಥ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಇಲ್ಲ, ಇಲ್ಲ ಎಂದು ಉತ್ತರ ಕೊಟ್ಟಿದ್ದರು. ಯಾರೂ ಓದಲಿಲ್ಲ. ಹೊನ್ನಾವರ, ಕುಮಟಾ, ಶಿರಸಿ ಹೊತ್ತಿ ಉರಿದವು. ಕುಮಟಾದಲ್ಲಿ ಐಜಿಪಿಯ ಕಾರಿಗೇ ಬೆಂಕಿ ಬಿತ್ತು. ಐದು ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು, ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ತನ್ನ ವರದಿ ಸಲ್ಲಿಸಿತು: ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು. ಸುಮಾರು ಐದು ವರ್ಷದ ನಂತರ ಬಂದ ಸತ್ಯಕ್ಕೆ ಯಾವ ಮೆರವಣಿಗೆಯೂ ನಡೆಯಲಿಲ್ಲ. ಮಗನನ್ನು ಕಳೆದುಕೊಂಡ ಮನೆಯ ದುಃಖ ಇತ್ತ ಎಲ್ಲರ ಪಾಲಿನ ಸರಕಾಗಿ ಖರ್ಚಾಗಿಹೋಗಿತ್ತು.

ಇಷ್ಟು ಓದಿ ಒಂದು ಪಕ್ಷದ ವಿರೋಧಿಗಳು ತಲೆದೂಗುತ್ತಿರಬಹುದು. ಸ್ವಲ್ಪ ತಾಳಿ. 2024ರ ಲೋಕಸಭೆ ಚುನಾವಣೆಯ ನಡುವೆ ಅಮಿತ್ ಶಾ ಅವರ ಭಾಷಣದ ವಿಡಿಯೊವೊಂದು ಹರಿದಾಡಿತು. ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿಯನ್ನೇ ತೆಗೆಯುತ್ತೇವೆ ಎಂದು ಅವರು ಹೇಳಿದಂತೆ ಅದರಲ್ಲಿ ಕಾಣುತ್ತಿತ್ತು. ಮೂಲ ಭಾಷಣದಲ್ಲಿ ಅವರು ಮಾತಾಡಿದ್ದು ಮುಸ್ಲಿಮರಿಗೆ ಕೊಟ್ಟಿರುವ ಮೀಸಲಾತಿಯ ಬಗ್ಗೆ. ಆ ಮಾತನ್ನು ವಿರೋಧಿಸಲು ಬೇಕಾದಷ್ಟು ಕಾರಣಗಳಿವೆ. ಆದರೆ ವಿರೋಧಿಸುವವರಿಗೆ ಇದ್ದ ಮಾತು ಸಾಲದೆ ಇಲ್ಲದ ಮಾತು ಬೇಕಾಯಿತು. ಪಕ್ಷದ ಖಾತೆಗಳೇ ಅದನ್ನು ಹಂಚಿದವು. ಮೋದಿ ಸರ್ಕಾರವನ್ನು ದಿನವೂ ‘ವಾಟ್ಸಾಪ್ ಯೂನಿವರ್ಸಿಟಿ’ ಎಂದು ಗೇಲಿ ಮಾಡುವ ಎಷ್ಟು ಜನ ಪ್ರಗತಿಪರರು ಆವತ್ತು ಆ ವಿಡಿಯೊದ ಪೂರ್ಣ ಪಾಠ ಹುಡುಕಿದರು? ಬೇರೆಯವರ ಸುಳ್ಳನ್ನು ಗುರುತಿಸಲು ಬುದ್ಧಿ ಸಾಕು. ನಮಗೆ ಇಷ್ಟವಾದ ಸುಳ್ಳನ್ನು ಗುರುತಿಸಲು ಬುದ್ಧಿಯ ಜೊತೆಗೆ ಸ್ವಲ್ಪ ನೈತಿಕ ಧೈರ್ಯವೂ ಬೇಕು.

ರಾಜಕೀಯ ಹಗೆತನ ಮಾಡುವ ದೊಡ್ಡ ಹಾನಿ ಇದು. ‘ಯಾರು ಯಾರಿಗೆ ಹೇಳಿದರು’ ಎಂಬ ಪ್ರಶ್ನೆಯನ್ನು ಅದು ಓಡಿಸಿ, ಆ ಜಾಗದಲ್ಲಿ ‘ನೀನು ಯಾರ ಕಡೆ’ ಎಂಬ ಪ್ರಶ್ನೆಯನ್ನು ತಂದು ಕೂರಿಸುತ್ತದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪ ಒಂದು ವಿಡಿಯೊ ಹಾಕುತ್ತಾರೆ. ‘ದೊಡ್ಡಪ್ಪ, ಇದು ಬಾಂಗ್ಲಾದೇಶದ್ದಂತೆ, ಹಳೇದಂತೆ’ ಎಂದು ತಮ್ಮನ ಮಗಳು ಬರೆಯುತ್ತಾಳೆ. ಬರುವ ಉತ್ತರ: ‘ನಿಮ್ಮ ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಾರಾ?’ ವಿಡಿಯೊ ಹಳೆಯದೋ ಹೊಸದೋ ಎಂಬ ಮಾತು ಅಲ್ಲಿಗೆ ಮುಗಿಯಿತು. ಹಬ್ಬಕ್ಕೆ ಊರಿಗೆ ಹೋದಾಗ ಮುಖ ಮುಖ ನೋಡಿಕೊಳ್ಳಬೇಕಲ್ಲ ಎಂದು ಅವಳೂ ಸುಮ್ಮನಾಗುತ್ತಾಳೆ. ಈ ಮೌನ ಲಕ್ಷಾಂತರ ಮನೆಗಳಲ್ಲಿದೆ. ಸುಳ್ಳು ಗೆಲ್ಲುವುದು ಹೆಚ್ಚಾಗಿ ಹೀಗೆ, ಗಲಾಟೆ ಇಲ್ಲದೆ, ಸಂಬಂಧ ಉಳಿಸಿಕೊಳ್ಳುವ ನೆಪದಲ್ಲಿ.

ಸರ್ಕಾರಗಳು ಇದಕ್ಕೆ ಕಂಡುಕೊಂಡ ಮದ್ದು ಏನು? ಮೊದಲ ಮದ್ದು ‘ಐದು’. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಹಬ್ಬಿ, ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿಯ ರೈಲುಗಳಲ್ಲಿ ತುಂಬಿಕೊಂಡು ಓಡಿದರು. ಆಗ ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್‌ಗೆ ಹದಿನೈದು ದಿನ ಮಿತಿ ಹಾಕಿತು: ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಕಳಿಸುವಂತಿಲ್ಲ. ಆರು ವರ್ಷದ ನಂತರ, 2018ರ ಕೊಲೆಗಳಾದ ಮೇಲೆ, ವಾಟ್ಸಾಪ್ ಕಂಪನಿ ಭಾರತದಲ್ಲಿ ಫಾರ್ವರ್ಡ್‌ಗೆ ಮಿತಿ ಹಾಕಿತು. ಅದೂ ಐದೇ. ಉಪಕರಣ ಬದಲಾಯಿತು, ಕಂಪನಿ ಬದಲಾಯಿತು, ಮದ್ದು ಮಾತ್ರ ಅದೇ. ಇದರಿಂದ ವೇಗ ಸ್ವಲ್ಪ ತಗ್ಗಿರಬಹುದು. ಆದರೆ ಈ ಲೆಕ್ಕದಲ್ಲಿ ಸಂದೇಶ ಮಾತ್ರ ಇದೆ, ಅದನ್ನು ಓದುವ ಮನುಷ್ಯ ಇಲ್ಲ.

ಎರಡನೆಯ ಮದ್ದು ಕಾನೂನು. ಕೇಂದ್ರ ಸರ್ಕಾರ 2023ರಲ್ಲಿ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ತನ್ನ ಬಗೆಗಿನ ಸುದ್ದಿಗಳಲ್ಲಿ ಯಾವುದು ಸುಳ್ಳು ಎಂದು ತಾನೇ ತೀರ್ಮಾನಿಸುವ ಫ್ಯಾಕ್ಟ್‌ಚೆಕ್ ಘಟಕಕ್ಕೆ ದಾರಿ ಮಾಡಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ದೆಹಲಿಯ ಸರ್ಕಾರವನ್ನು ಸರ್ವಾಧಿಕಾರಿ ಎನ್ನುವ ಪಕ್ಷ ಆಳುತ್ತಿರುವ ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ, ಮೇಲೊಂದು ಪ್ರಾಧಿಕಾರ, ಅದಕ್ಕೆ ಮಂತ್ರಿಯ ನೇತೃತ್ವ. ಮೂಗಿಗಿಂತ ಮೂಗುತಿ ಭಾರ. ಉದ್ದೇಶಪೂರ್ವಕವಾಗಿ ಗಲಭೆ ಎಬ್ಬಿಸುವವರಿಗೆ ಶಿಕ್ಷೆಯಾಗಲಿ, ಅದಕ್ಕೆ ಈಗಿರುವ ಕಾನೂನುಗಳೇ ಸಾಕು. ಆದರೆ ಯಾವುದು ಸತ್ಯ ಎಂದು ಹೇಳುವ ಮುದ್ರೆ ಇವತ್ತು ನಿಮಗೆ ಇಷ್ಟವಾದ ಸರ್ಕಾರದ ಕೈಯಲ್ಲಿದ್ದರೆ, ನಾಳೆ ಇಷ್ಟವಿಲ್ಲದ ಸರ್ಕಾರದ ಕೈಗೂ ಹೋಗುತ್ತದೆ. ಸುಳ್ಳು ಹೇಳುವವರಲ್ಲಿ ಸರ್ಕಾರಗಳೂ ಇರುತ್ತವೆ ಎನ್ನುವುದು ಇತಿಹಾಸದ ಮೊದಲ ಪಾಠ.

ಮೂರನೆಯದು ಫ್ಯಾಕ್ಟ್‌ಚೆಕ್ ತಾಣಗಳು. ಅವರು ಕಷ್ಟಪಟ್ಟು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ, ಬೈಗುಳ ತಿಂದುಕೊಂಡು, ಕೇಸು ಹಾಕಿಸಿಕೊಂಡು. ಆದರೆ ಅವರು ಬೆಂಕಿ ಬಿದ್ದ ಮೇಲೆ ಬರುವವರು. ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಸತ್ಯಕ್ಕಿಂತ ಸುಳ್ಳನ್ನು ಮರುಹಂಚುವ ಸಾಧ್ಯತೆ 70%ರಷ್ಟು ಹೆಚ್ಚು ಎಂದು ಅವರು ಕಂಡರು. ಇದಕ್ಕೆ ಕಾರಣ ಯಂತ್ರಗಳಲ್ಲ, ಮನುಷ್ಯರೇ ಎಂದೂ ಕಂಡರು. ಸುಳ್ಳು ಹೊಸದಾಗಿ ಕಾಣುತ್ತದೆ, ಬೆರಗು ಹುಟ್ಟಿಸುತ್ತದೆ, ಅಸಹ್ಯ ಹುಟ್ಟಿಸುತ್ತದೆ. ಆ ಭಾವ ಎದ್ದ ಕ್ಷಣಕ್ಕೂ ಬೆರಳು ಗುಂಡಿ ಒತ್ತುವ ಕ್ಷಣಕ್ಕೂ ನಡುವೆ ಇರುವ ಎರಡು ಸೆಕೆಂಡಿನಲ್ಲಿ ಯಾವ ಪೊಲೀಸರೂ ಬರಲಾರರು, ಯಾವ ಫ್ಯಾಕ್ಟ್‌ಚೆಕ್ಕರೂ ಬರಲಾರರು. ಅಲ್ಲಿ ಇರುವುದು ನಾವು ಕಲಿತ ಅಭ್ಯಾಸ ಮಾತ್ರ. ಆ ಅಭ್ಯಾಸವನ್ನು ಹಾಕಿಕೊಡಬೇಕಾದ ಜಾಗ ಶಾಲೆ.

ನಮ್ಮ ಶಾಲೆ ಯಾವ ಅಭ್ಯಾಸ ಹಾಕಿಕೊಡುತ್ತಿದೆ? ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸುವುದು. ಗೈಡಿನಲ್ಲಿರುವುದನ್ನು ಹಾಗೇ ಉತ್ತರಪತ್ರಿಕೆಗೆ ಇಳಿಸುವುದು. ಒಂದು ಪದವೂ ಬದಲಾಗದಂತೆ ಇಳಿಸಿದವನಿಗೆ ಪೂರ್ತಿ ಅಂಕ. ಮೇಲಿನಿಂದ ಬಂದದ್ದನ್ನು ಪ್ರಶ್ನಿಸದೆ, ಬದಲಿಸದೆ, ವೇಗವಾಗಿ ಮುಂದಕ್ಕೆ ದಾಟಿಸುವ ಈ ಕೌಶಲಕ್ಕೆ ಇವತ್ತಿನ ಹೆಸರು ಫಾರ್ವರ್ಡ್. ಸುಳ್ಳು ಸುದ್ದಿ ಹಂಚುವವನನ್ನು ನಾವು ಶಿಕ್ಷಣದಿಂದ ವಂಚಿತನಾದವನು ಎಂದುಕೊಂಡಿದ್ದೇವೆ. ಅವನು ನಮ್ಮ ಶಿಕ್ಷಣದ ಒಳ್ಳೆಯ ವಿದ್ಯಾರ್ಥಿ. ಕಲಿಸಿದ್ದನ್ನೇ ಮಾಡುತ್ತಿದ್ದಾನೆ.

ಇಲ್ಲಿ ಪಠ್ಯಪುಸ್ತಕದ ಜಗಳವನ್ನೂ ನೆನೆಯಬೇಕು. ಬರಗೂರು ರಾಮಚಂದ್ರಪ್ಪ ಸಮಿತಿಯ ಪಠ್ಯವನ್ನು 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿತು. ನಾಡು ಎರಡು ಭಾಗವಾಗಿ ಕಾದಾಡಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳು ಮತ್ತೆ ಬದಲಾದವು. ಯಾರ ಪಾಠ ಇರಬೇಕು, ಯಾರದ್ದು ಹೋಗಬೇಕು ಎನ್ನುವುದು ಸಣ್ಣ ವಿಷಯ ಎಂದು ನಾನು ಹೇಳುವುದಿಲ್ಲ. ಆದರೆ ಅಷ್ಟೂ ತಿಂಗಳ ಬೈದಾಟದಲ್ಲಿ, ಇರುವ ಪಾಠವನ್ನು ಮಗು ಹೇಗೆ ಓದಬೇಕು, ಲೇಖಕನ ಜೊತೆ ಹೇಗೆ ವಾದ ಮಾಡಬೇಕು ಎಂದು ಯಾವ ಪಾಳೆಯವಾದರೂ ಕೇಳಿತೇ? ಎರಡೂ ಕಡೆಯವರು ಮಗುವಿನ ತಲೆಯನ್ನು ಖಾಲಿ ಪಾತ್ರೆ ಎಂದೇ ತಿಳಿದಿದ್ದರು. ಅದರೊಳಗೆ ಸುರಿಯುವ ಹಕ್ಕು ಯಾರದು ಎನ್ನುವುದಷ್ಟೇ ಜಗಳ.

ಕಲಿಸಿದರೆ ಫಲ ಸಿಗುತ್ತದೆಯೇ ಎಂದು ಕೇಳಬಹುದು. ಬಿಹಾರದಲ್ಲಿ ನಡೆದ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ. 2019ರ ಲೋಕಸಭೆ ಚುನಾವಣೆಯ ಸಮಯದಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಅವರ ತಂಡ ಮನೆ ಮನೆಗೆ ಹೋಗಿ ವಯಸ್ಕರಿಗೆ ಸುಮಾರು ಒಂದು ಗಂಟೆ ಕಾಲ ಸುಳ್ಳು ಸುದ್ದಿ ಗುರುತಿಸುವ ಪಾಠ ಹೇಳಿತು. ಒಟ್ಟಾರೆ ಪರಿಣಾಮ ಕಾಣಲಿಲ್ಲ. ಬಿಜೆಪಿ ಬೆಂಬಲಿಗರಂತೂ ತಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳುಗಳನ್ನು ಗುರುತಿಸುವಲ್ಲಿ ಪಾಠದ ನಂತರ ಇನ್ನಷ್ಟು ಹಿಂದೆ ಬಿದ್ದರು. ಪಕ್ಷ ನಿಷ್ಠೆ ರಕ್ತಗತವಾದ ಮೇಲೆ ಒಂದು ಗಂಟೆಯ ಉಪದೇಶ ಕೆರಳಿಸುತ್ತದೆ, ತಿದ್ದುವುದಿಲ್ಲ. ಅವರೇ ಸಹಸಂಶೋಧಕರ ಜೊತೆ ನಂತರ ಮಾಡಿದ ಪ್ರಯೋಗ ಹದಿಹರೆಯದ ಮಕ್ಕಳ ಜೊತೆ. ಬಿಹಾರದ 583 ಹಳ್ಳಿಗಳ ಸುಮಾರು 13,500 ವಿದ್ಯಾರ್ಥಿಗಳನ್ನು ಒಳಗೊಂಡು, ಸರ್ಕಾರದ ಸಹಯೋಗದಲ್ಲಿ, ಊರ ಗ್ರಂಥಾಲಯಗಳಲ್ಲಿ ಹಲವು ವಾರಗಳ ತರಗತಿಗಳು ನಡೆದವು. ಆ ಪಾಠ ಕೇಳಿದ ಮಕ್ಕಳು ಸತ್ಯ, ಸುಳ್ಳುಗಳನ್ನು ಬೇರ್ಪಡಿಸುವುದರಲ್ಲಿ ಗಮನಾರ್ಹವಾಗಿ ಮುಂದೆ ಹೋದರು. ನಾಲ್ಕು ತಿಂಗಳ ನಂತರವೂ ಆ ಶಕ್ತಿ ಉಳಿದಿತ್ತು. ಮಕ್ಕಳ ಮೂಲಕ ಅದು ಅವರ ತಂದೆತಾಯಿಯರಿಗೂ ಹರಿದಿತ್ತು.

ಈ ಎರಡು ಫಲಿತಾಂಶಗಳ ನಡುವೆ ನಮ್ಮ ಇಡೀ ಕಾರ್ಯಕ್ರಮ ಇದೆ. ಬೇಗ ಶುರು ಮಾಡಬೇಕು, ನಿಧಾನವಾಗಿ ಮಾಡಬೇಕು, ತರಗತಿಯಾಗಿ ಮಾಡಬೇಕು. ಕರ್ನಾಟಕದ ಹಳ್ಳಿಗಳಲ್ಲಿ ‘ಅರಿವು ಕೇಂದ್ರ’ ಎಂದು ಹೆಸರು ಪಡೆದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. ಬಿಹಾರಕ್ಕೆ ಸಾಧ್ಯವಾದದ್ದು ನಮಗೆ ಯಾಕೆ ಆಗದು? ಫಿನ್‌ಲೆಂಡ್ ಮಾದರಿ ಎಂದು ಸೆಮಿನಾರುಗಳಲ್ಲಿ ಹೊಗಳುವ ಮೊದಲು ಬಿಹಾರದ ಕಡೆ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಸಾಹಿತ್ಯದ ಓದುಗರಾದ ನಮಗೂ ಒಂದು ಮಾತು ಇದೆ. ಪಠ್ಯವನ್ನು ಆಳವಾಗಿ ಓದುವವರು ನಾವು, ನಮ್ಮನ್ನು ಯಾರು ಮೋಸ ಮಾಡಿಯಾರು ಎಂಬ ಸಣ್ಣ ಜಂಭ ನಮ್ಮಲ್ಲಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ಫ್ಯಾಕ್ಟ್‌ಚೆಕ್ಕರುಗಳು ಮತ್ತು ಇಪ್ಪತ್ತೈದು ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೋರಿಸಿ, ಇವು ನಂಬಿಕೆಗೆ ಅರ್ಹವೇ ಎಂದು ಕೇಳಿದರು. ಪಿಎಚ್‌ಡಿ ಪಡೆದ ಇತಿಹಾಸಕಾರರಲ್ಲೂ ಅನೇಕರು ಎಡವಿದರು. ಅವರು ಪುಟವನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ಓದಿದರು. ಚಂದದ ಲಾಂಛನ, ಗಂಭೀರ ಭಾಷೆ, ಅಡಿಟಿಪ್ಪಣಿ ನೋಡಿ ನಂಬಿದರು. ಫ್ಯಾಕ್ಟ್‌ಚೆಕ್ಕರುಗಳು ಪುಟವನ್ನು ಓದುವ ಮೊದಲೇ ಅದರಿಂದ ಹೊರಗೆ ಹೋದರು. ಈ ತಾಣ ಯಾರದ್ದು, ದುಡ್ಡು ಎಲ್ಲಿಂದ, ಇವರ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ಬೇರೆ ಕಡೆ ಹುಡುಕಿ ಬಂದರು. ಸರಳವಾಗಿ ಹೇಳುವುದಾದರೆ, ಅವರು ‘ಸ್ವಾರಸ್ಯ’ಕ್ಕೆ ಹೋಗುವ ಮೊದಲು ‘ಸಂದರ್ಭ’ ಬರೆದರು. ಆ ಕ್ರಮ ನಮ್ಮ ಪ್ರಶ್ನೆಪತ್ರಿಕೆಯದ್ದೇ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಎಲ್ಲವನ್ನೂ ಪ್ರಶ್ನಿಸು ಎಂದು ಕಲಿಸಿದರೆ ಮಕ್ಕಳು ಏನನ್ನೂ ನಂಬದವರಾಗುತ್ತಾರೆ. ಲಸಿಕೆಯೂ ಮೋಸ, ಮತಯಂತ್ರವೂ ಮೋಸ, ಕೋರ್ಟೂ ಮೋಸ ಎನ್ನುವವರೂ ಪ್ರಶ್ನೆ ಕೇಳುವವರೇ ಅಲ್ಲವೇ? ನಿಜ. ಅನುಮಾನವೇ ವಿಚಾರವಲ್ಲ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಎಚ್. ನರಸಿಂಹಯ್ಯನವರು ಇದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ಮಾಡಿದರು. ಆ ಸಮಿತಿ ಪವಾಡ ಸುಳ್ಳು ಎಂದು ಮೊದಲೇ ಘೋಷಿಸಲಿಲ್ಲ. ಬನ್ನಿ, ನಮ್ಮ ಎದುರಿಗೆ ಮಾಡಿ ತೋರಿಸಿ, ಪರೀಕ್ಷೆಯಲ್ಲಿ ಗೆದ್ದರೆ ಒಪ್ಪುತ್ತೇವೆ ಎಂದು ಕರೆಯಿತು. ಪ್ರಶ್ನೆ, ಪರೀಕ್ಷೆ, ಆಮೇಲೆ ಒಪ್ಪಿಗೆ: ಈ ಮೂರೂ ಸೇರಿದರೆ ವಿಚಾರ. ಪಿತೂರಿ ಕತೆ ಹೇಳುವವನು ಪ್ರಶ್ನೆ ಮಾತ್ರ ಕೇಳುತ್ತಾನೆ, ಪರೀಕ್ಷೆಗೆ ಕೂರುವುದಿಲ್ಲ, ಯಾವ ಉತ್ತರವನ್ನೂ ಒಪ್ಪುವುದಿಲ್ಲ.

ಅದೇ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂದು ಬರೆಯಿತು. ಅದು ತುರ್ತು ಪರಿಸ್ಥಿತಿಯ ಕಾಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದರು. ಪ್ರಶ್ನಿಸುವುದು ನಿನ್ನ ಕರ್ತವ್ಯ ಎಂದು ಹೇಳುತ್ತಲೇ ಪ್ರಶ್ನಿಸಿದವನ ಬಾಯಿ ಮುಚ್ಚಿಸುವ ಈ ಚಾಳಿ ಅಂದಿನಿಂದ ಇಂದಿನವರೆಗೆ ಬಿಟ್ಟಿಲ್ಲ. 2020ರಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿಯೂ ಒಬ್ಬ ಮಗುವಿನ ತಾಯಿಯೂ ಬಂಧನಕ್ಕೆ ಒಳಗಾದರು. ಪೊಲೀಸರು ಶಾಲೆಗೆ ಬಂದು ಮಕ್ಕಳನ್ನೇ ವಿಚಾರಣೆ ಮಾಡಿದರು. 2023ರಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು. ಆದರೆ ಅದನ್ನು ಪತ್ರಿಕೆಯಲ್ಲಿ ಓದಿದ ಎಷ್ಟು ಶಿಕ್ಷಕರು, ನಮಗೇಕೆ ಊರ ಉಸಾಬರಿ ಎಂದು ನೋಟ್ಸ್ ಬರೆಸುವುದಕ್ಕೆ ವಾಪಸ್ಸಾದರೋ ಅದರ ಲೆಕ್ಕ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ವಿಮರ್ಶೆಯ ಶಿಕ್ಷಣ ಬೇಕು ಎನ್ನುವ ಸರ್ಕಾರ ಮೊದಲು ತನ್ನ ಶಿಕ್ಷಕರಿಗೆ ಅಭಯ ಕೊಡಬೇಕು. ತರಗತಿಯಲ್ಲಿ ಎರಡು ಪತ್ರಿಕೆಗಳ ಸುದ್ದಿಯನ್ನು ಹೋಲಿಸಿ ಓದಿಸಿದ ಮೇಷ್ಟ್ರಿಗೆ ಮರುದಿನ ಅಮಾನತು ಆದೇಶ ಬರುವ ಭಯ ಇರುವವರೆಗೂ ಮಿಕ್ಕ ಮಾತೆಲ್ಲ ದಂಡ.

ಹಾಗಾದರೆ ಮಾಡಬೇಕಾದ್ದೇನು? ಹೊಸ ವಿಷಯ, ಹೊಸ ಪುಸ್ತಕ, ಹೊಸ ಪರೀಕ್ಷೆ ಬೇಡ. ಹಾಗೆ ಮಾಡಿದರೆ ಮುಂದಿನ ವರ್ಷವೇ ಅದಕ್ಕೂ ಗೈಡು ಬರುತ್ತದೆ. ಕನ್ನಡ ಪ್ರಶ್ನೆಪತ್ರಿಕೆಯ ಆ ಮೂರು ಅಂಕವನ್ನು ಬದುಕಿಸಿ, ಅಷ್ಟು ಸಾಕು. ಪಾಠದಿಂದ ಎತ್ತಿದ ವಾಕ್ಯದ ಜೊತೆಗೆ, ಮಗು ಹಿಂದೆಂದೂ ನೋಡಿರದ ಒಂದು ಸುದ್ದಿ ತುಣುಕನ್ನು ಕೊಡಿ, ಒಂದು ಜಾಹೀರಾತನ್ನು ಕೊಡಿ, ಒಬ್ಬ ನಾಯಕನ ಭಾಷಣದ ಅರ್ಧ ವಾಕ್ಯವನ್ನು ಕೊಡಿ. ಇದನ್ನು ಹೇಳಿದ್ದು ಯಾರು, ಯಾರಿಗೆ? ಇದರ ಹಿಂದೆ ಮುಂದೆ ಏನಿರಬಹುದು? ಇದನ್ನು ನಂಬುವ ಮೊದಲು ನೀನು ಏನನ್ನು ತಿಳಿದುಕೊಳ್ಳಬೇಕು? ಇಲ್ಲಿ ಸರಿ ಉತ್ತರ ಒಂದೇ ಇರುವುದಿಲ್ಲ. ಚೆನ್ನಾಗಿ ಕೇಳಿದ ಪ್ರಶ್ನೆಗೇ ಅಂಕ. ಜೊತೆಗೆ ವಾರಕ್ಕೊಂದು ತರಗತಿಯಲ್ಲಿ ಮಗು ತಾನು ಒಪ್ಪದ ಅಭಿಪ್ರಾಯವೊಂದನ್ನು, ಅದನ್ನು ಒಪ್ಪುವವರೇ ಭೇಷ್ ಎನ್ನುವಂತೆ ಹೇಳಿ ತೋರಿಸಲಿ. ಎದುರಾಳಿಯ ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸಿದ ಮೇಲೆಯೇ ಖಂಡನೆಗೆ ಕೈ ಹಾಕುವುದು ಈ ನೆಲದ ಹಳೆಯ ವಾದ ಕ್ರಮ. ಹಗೆತನಕ್ಕೆ ಅದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ಎದುರಿನವನ ಮಾತನ್ನು ಅವನ ಬಾಯಿಂದ ಬಂದಂತೆ ಒಮ್ಮೆ ಹೇಳಿ ನೋಡಿದ ಮಗುವಿಗೆ, ಅವನನ್ನು ರಾಕ್ಷಸನನ್ನಾಗಿ ತೋರಿಸುವ ವಿಡಿಯೊ ನೋಡಿದಾಗ ಎಲ್ಲೋ ಒಂದು ಕಡೆ ಕೊಕ್ಕೆ ಬೀಳುತ್ತದೆ.

ಈ ಬರಹ ಓದುತ್ತಿರುವ ವಿದ್ಯಾರ್ಥಿಗಳು ಇಲಾಖೆಯ ಆದೇಶಕ್ಕೆ ಕಾಯಬೇಕಿಲ್ಲ. ನಿಮಗೆ ತುಂಬ ಖುಷಿ ಕೊಟ್ಟ, ‘ನೋಡಿದಿರಾ, ನಾನು ಹೇಳಿರಲಿಲ್ಲವೇ’ ಅನ್ನಿಸಿದ, ಈಗಷ್ಟೇ ನಿಮ್ಮ ಮೊಬೈಲಿಗೆ ಬಂದಿರುವ ಆ ಸುದ್ದಿಯಿಂದಲೇ ಶುರು ಮಾಡಿ. ಸಿಟ್ಟು ಬರಿಸಿದ ಸುದ್ದಿಯನ್ನು ನೀವು ಹೇಗೂ ಅನುಮಾನಿಸುತ್ತೀರಿ. ಖುಷಿ ಕೊಟ್ಟದ್ದನ್ನು ಹಿಡಿದು ನಿಲ್ಲಿಸಿ, ಸಂದರ್ಭ ಕೇಳಿ. ಉತ್ತರ ಸಿಗುವವರೆಗೆ ಅದು ನಿಮ್ಮಿಂದ ಮುಂದಕ್ಕೆ ಹೋಗದಿರಲಿ.